ದಂಡವು ಯಾರ ಕೈಯಲ್ಲಿರತಕ್ಕದ್ದು?

ಒಬ್ಬನ ಬುದ್ಧಿಯಿಂದಲೂ ಶ್ರಮದಿಂದಲೂ ಹುಟ್ಟಿದ ಗ್ರಂಥವಾಗಲಿ, ಗೀತವಾಗಲಿ, ಚಿತ್ರವಾಗಲಿ ಅವನಿಗೆ ಸೇರಿದುದೆಂಬುದನ್ನು ನ್ಯಾಯಬುದ್ಧಿಯುಳ್ಳವರು ಯಾರೂ ಅಲ್ಲಗಳೆಯಲಾರರು. ಅದನ್ನು ಅವನ ಅನುಮತಿಯಿಲ್ಲದೆ ನಕಲುಮಾಡಿ ಹಂಚುವವನು ತಪ್ಪಿತಸ್ಥನೆಂಬುದೂ ಒಪ್ಪತಕ್ಕ ಮಾತೇ. ಆದರೆ ಇವೆರಡನ್ನು ಒಪ್ಪಿದ ಮೇಲೆ ಮೂರನೆಯದೊಂದು ಪ್ರಶ್ನೆಯು ಏಳುತ್ತದೆ. ಅದಕ್ಕೆ ಉತ್ತರವು ಅಷ್ಟು ಸುಲಭವಲ್ಲ. ಕಳವಾದ ವಸ್ತುವಿನ ಒಡೆಯನು, ಒಡೆಯನಾದ ಮಾತ್ರಕ್ಕೇ, ಕಳ್ಳನನ್ನು ಹುಡುಕುವ, ಅವನ ಮನೆಯ ಗುಟ್ಟನ್ನು ಕೆದಕುವ, ಅವನ ಅಪರಾಧವನ್ನು ನಿರ್ಣಯಿಸುವ, ಅವನಿಂದ ದಂಡವನ್ನು ವಸೂಲುಮಾಡುವ ಅಧಿಕಾರಗಳನ್ನೂ ಪಡೆಯುತ್ತಾನೆಯೇ? ಅಂತರ್ಜಾಲವು ಮನೆಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ ಇದು ವಕೀಲರ ಪ್ರಶ್ನೆಯಾಗಿ ಉಳಿದಿಲ್ಲ, ಗೃಹಸ್ಥರ ಪ್ರಶ್ನೆಯಾಗಿದೆ.

ಪ್ರಶ್ನೆಯು ಹೊಸದೂ ಅಲ್ಲ. ಲಂಡನ್ ನಗರದ ಮುದ್ರಕರಿಗೂ ಪುಸ್ತಕವ್ಯಾಪಾರಿಗಳಿಗೂ ಸೇರಿದ ಸ್ಟೇಷನರ್ಸ್ ಕಂಪೆನಿಗೆ 1557ರಲ್ಲಿ ಮೇರಿ ರಾಣಿಯು ಸನ್ನದನ್ನು ದಯಪಾಲಿಸಿದಳು. ಅದರ ಬಲದಿಂದ ಸಂಘದ ಮುಖ್ಯಸ್ಥರು ಮುದ್ರಕರ ಮನೆಗಳನ್ನೂ ಅಂಗಡಿಗಳನ್ನೂ ಶೋಧಿಸಿ, ನಿಯಮಕ್ಕೆ ವಿರುದ್ಧವಾಗಿ ಅಚ್ಚಾದ ಪುಸ್ತಕಗಳನ್ನು ಹಿಡಿದು ಸುಡಬಹುದಾಗಿತ್ತು. ಪ್ರಭುತ್ವಕ್ಕೆ ಬೇಕಾದುದು ಗ್ರಂಥಗಳ ಮೇಲಣ ಹತೋಟಿ. ವರ್ತಕರಿಗೆ ಬೇಕಾದುದು ವ್ಯಾಪಾರದ ಏಕಸ್ವಾಮ್ಯ. ಒಬ್ಬರ ಆಸೆಗೆ ಇನ್ನೊಬ್ಬರ ದಂಡವು ನೆರವಾಯಿತು. 1695ರಲ್ಲಿ ಅಲ್ಲಿನ ಮುದ್ರಣ ನಿಯಂತ್ರಣದ ಶಾಸನವು ಅವಧಿ ತೀರಿ ಬಿದ್ದುಹೋಯಿತು. ತರುವಾಯ 1710ರಲ್ಲಿ ಆನ್ ರಾಣಿಯ ಕಾಲದ ಪ್ರಸಿದ್ಧ ಶಾಸನವು ಜಾರಿಗೆ ಬಂದಿತು. ಹೊಸ ಗ್ರಂಥದ ಮೇಲೆ ಕರ್ತೃವಿಗೆ 14 ವರ್ಷಗಳ ಹಕ್ಕು, ಆ ಮೇಲೂ ಅವನು ಬದುಕಿದ್ದರೆ ಇನ್ನು 14 ವರ್ಷಗಳ ಹಕ್ಕು ಎಂದು ಅದು ಗೊತ್ತುಮಾಡಿತು. ತಪ್ಪಿದವನಿಂದ ದಂಡ ಬರಬೇಕಾದರೆ ನ್ಯಾಯಸ್ಥಾನದಲ್ಲಿ ದಾವೆ ಹೂಡಬೇಕೆಂದೂ ವಿಧಿಸಿತು. ಹೀಗೆ ಗ್ರಂಥಸ್ವಾಮ್ಯವು ಹುಟ್ಟಿದಾಗಲೇ ಹಕ್ಕು ಒಂದು ಕೈಯಲ್ಲಿಯೂ ದಂಡವು ಇನ್ನೊಂದು ಕೈಯಲ್ಲಿಯೂ ಇದ್ದುವು.

ಈ ವಿಂಗಡಣೆಯು ಇಂದು ಸಡಲಿದೆ. ಅದಕ್ಕೆ ಕಾರಣವಿಲ್ಲದೆಯೂ ಇಲ್ಲ. ಅಚ್ಚಿನ ಯಂತ್ರವನ್ನಿಟ್ಟು ಕಳ್ಳ ಪ್ರತಿಗಳನ್ನು ತೆಗೆಯುವವರು ಹಿಂದೆ ಊರಿಗೆ ಒಬ್ಬರೋ ಇಬ್ಬರೋ. ಈಗಲಾದರೋ ಒಂದು ಚಲನಚಿತ್ರವು ಬಿಡುಗಡೆಯಾದ ದಿನವೇ ಸಾವಿರಾರು ಮನೆಗಳಲ್ಲಿ ಅದರ ನಕಲು ಆಗಬಹುದು. ಒಂದೊಂದಕ್ಕೂ ಒಂದೊಂದು ವ್ಯಾಜ್ಯವೆಂದರೆ ಯಾವ ನ್ಯಾಯಸ್ಥಾನವೂ ತಾಳಲಾರದು. ಆದುದರಿಂದ ಒಡೆಯನೇ ಕಾವಲುಗಾರನಾಗಬೇಕು, ಅವನ ದೂರು ಬಂದೊಡನೆ ಜಾಲತಾಣದವರು ಆ ಪ್ರತಿಯನ್ನು ತೆಗೆದುಹಾಕಬೇಕು ಎಂಬ ಪದ್ಧತಿಯನ್ನು ಅಮೆರಿಕದ 1998ರ ಶಾಸನವು ನೆಲೆಗೊಳಿಸಿತು. ಕಾವಲಿನ ಮಟ್ಟಿಗೆ ಇದನ್ನು ಆಕ್ಷೇಪಿಸುವುದು ಕಷ್ಟ. ಆದರೆ ಕಾವಲಿನಿಂದ ದಂಡದ ಕಡೆಗೆ ಹೆಜ್ಜೆಯಿಡುವುದು ಬಹು ಸುಲಭವೆಂಬುದನ್ನು ಮುಂದಿನ ವರ್ಷಗಳು ತೋರಿಸಿದುವು.

ನಕಲುಗಾರನನ್ನು ಗುರುತಿಸುವ ಬಗೆಯನ್ನು ಮೊದಲು ನೋಡಬೇಕು. ಕೃತಿಯನ್ನು ಹಂಚಿಕೊಳ್ಳುವವರ ಗುಂಪಿನಲ್ಲಿ ಒಡೆಯನ ಕಡೆಯ ಗೂಢಚಾರನು ಸೇರಿ, ಅಲ್ಲಿ ತೋರುವ ಐ.ಪಿ. ವಿಳಾಸಗಳನ್ನು ಬರೆದಿಟ್ಟುಕೊಳ್ಳುತ್ತಾನೆ. ಈ ವಿಳಾಸವು ಸಂಪರ್ಕದ ಗುರುತೇ ಹೊರತು ಮನುಷ್ಯನ ಗುರುತಲ್ಲ. ಛತ್ರದ ಕೋಣೆಯ ಸಂಖ್ಯೆಯಿಂದ ಆ ರಾತ್ರಿ ಅಲ್ಲಿ ಮಲಗಿದ್ದವನು ಯಾರೆಂದು ಹೇಳಬರುವುದೇ? 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಇದನ್ನು ಪರೀಕ್ಷಿಸಿದರು. ಯಾವ ಕೃತಿಯನ್ನೂ ಪಡೆಯದ, ಯಾರಿಗೂ ಕಳುಹಿಸದ ಯಂತ್ರಗಳ ವಿಳಾಸಗಳು ಗುಂಪಿನಲ್ಲಿ ತೋರುವಂತೆ ಮಾಡಿದಾಗ, ಕಾಗದದ ಮೇಲೆ ಅಕ್ಷರ ಮುದ್ರಿಸುವುದೊಂದನ್ನೇ ಬಲ್ಲ ಪ್ರಿಂಟರಿನ ಮೇಲೂ ಕಳ್ಳತನದ ದೂರು ಬಂದಿತು. ಸಾಕ್ಷ್ಯವನ್ನು ಕೂಡಿಸುವವನೂ ತೂಗುವವನೂ ಒಬ್ಬನೇ ಆದರೆ ತಕ್ಕಡಿಯು ಎತ್ತ ವಾಲುವುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಇಂಥ ಸಾಕ್ಷ್ಯವನ್ನೇ ನಂಬಿ ಇಂಗ್ಲೆಂಡಿನ ಎ.ಸಿ.ಎಸ್. ಲಾ ಎಂಬ ವಕೀಲಿ ಕಚೇರಿಯು ಸಾವಿರಾರು ಮನೆಗಳಿಗೆ ಪತ್ರಗಳನ್ನು ಬರೆದು, ಸುಮಾರು 500 ಪೌಂಡುಗಳನ್ನು ಕೊಟ್ಟರೆ ವ್ಯಾಜ್ಯ ಹೂಡುವುದಿಲ್ಲವೆಂದು ತಿಳಿಸಿತು. ನಕಲಾದುವೆಂದು ಹೇಳಿದ ಕೃತಿಗಳಲ್ಲಿ ಅಶ್ಲೀಲ ಚಿತ್ರಗಳೂ ಇದ್ದುವು. 2010ರ ಸೆಪ್ಟೆಂಬರಿನಲ್ಲಿ ವಿರೋಧಿಗಳು ಆ ಕಚೇರಿಯ ಜಾಲತಾಣದ ಮೇಲೆ ಬಿದ್ದ ತರುವಾಯ ಅದರ ಪತ್ರವ್ಯವಹಾರವು ಬಯಲಾಯಿತು. ಅದರೊಡನೆ 5000ಕ್ಕೂ ಹೆಚ್ಚು ಮಂದಿಯ ಹೆಸರು, ವಿಳಾಸ, ಅವರು ನೋಡಿದರೆಂದು ಆರೋಪಿಸಿದ ಚಿತ್ರದ ಹೆಸರು ಎಲ್ಲವೂ ಬೀದಿಗೆ ಬಂದುವು. ಅವರಲ್ಲಿ ಒಬ್ಬನ ಅಪರಾಧವೂ ವಿಚಾರಣೆಯಿಂದ ಸ್ಥಿರಪಟ್ಟಿರಲಿಲ್ಲ. ಅದೇ ಕಚೇರಿಯ ಕೆಲವು ಮೊಕದ್ದಮೆಗಳು ಲಂಡನ್ನಿನ ನ್ಯಾಯಾಧೀಶ ಬರ್ಸ್ ಅವರ ಮುಂದೆ ಬಂದಾಗ ವಾದಿಗಳು ಅವನ್ನು ಹಿಂದಕ್ಕೆ ತೆಗೆದುಕೊಳ್ಳಲು ಯತ್ನಿಸಿದರು. 2011ರ ಫೆಬ್ರವರಿಯಲ್ಲಿ ಆ ನ್ಯಾಯಾಧೀಶರು ಅದಕ್ಕೆ ಒಪ್ಪಲಿಲ್ಲ. ನ್ಯಾಯಸ್ಥಾನದ ಹೆಸರನ್ನು ಹೇಳಿ ಹಣ ಕೇಳಿದವರೇ ನ್ಯಾಯಸ್ಥಾನದ ಬೆಳಕಿಗೆ ಹೆದರಿದರು.

ಅಮೆರಿಕದ ಪ್ರೆಂಡಾ ಲಾ ಎಂಬ ಸಂಸ್ಥೆಯ ಕಥೆಯು ಇದಕ್ಕೂ ಮಿಗಿಲಾದುದು. ಅದರ ವಕೀಲರಾದ ಜಾನ್ ಸ್ಟೀಲ್, ಪಾಲ್ ಹ್ಯಾನ್ಸ್‌ಮಯರ್ ಎಂಬವರು ಅಶ್ಲೀಲ ಚಿತ್ರಗಳನ್ನು ತಾವೇ ಗುಪ್ತವಾಗಿ ಅಂತರ್ಜಾಲದಲ್ಲಿ ಹರಡಿ, ಅವನ್ನು ಮುಟ್ಟಿದವರಿಗೆ ನೋಟೀಸುಗಳನ್ನು ಕಳುಹಿಸಿ, ಲಕ್ಷಗಟ್ಟಲೆ ಡಾಲರುಗಳನ್ನು ಸಂಪಾದಿಸಿದರು. 2019ರಲ್ಲಿ ಮೊದಲನೆಯವನಿಗೆ 5 ವರ್ಷಗಳ, ಎರಡನೆಯವನಿಗೆ 14 ವರ್ಷಗಳ ಸೆರೆಯಾಯಿತು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ ಎಂಬ ಗಾದೆಯೂ ಇಲ್ಲಿ ಸಾಲದು. ಬೇಲಿಯು ಹೊಲವನ್ನು ಬಿತ್ತಿದುದೇ ದಾರಿಹೋಕರ ದನಗಳನ್ನು ಹಿಡಿಯುವುದಕ್ಕಾಗಿ.

ಇವರಿಗೆ ಜನರು ಹಣವನ್ನು ಏಕೆ ಕೊಟ್ಟರು? ತಪ್ಪು ಮಾಡಿದುದರಿಂದ ಎಂದು ಒಡನೆ ಹೇಳಿಬಿಡಬಾರದು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯು ಅಪರಾಧಿಯು ತನ್ನನ್ನು ತಾನೇ ತೋರಿಸಿಕೊಳ್ಳುತ್ತಾನೆಂದು ಭಾವಿಸುತ್ತದೆ. ಆದರೆ ಬೀದಿಯಲ್ಲಿ ಎಲ್ಲರೆದುರು ಕೂಗಿದರೆ ನಿರಪರಾಧಿಯೂ ಒಮ್ಮೆ ಹೆಗಲನ್ನು ಮುಟ್ಟಿಕೊಳ್ಳುತ್ತಾನೆ. ವಕೀಲನಿಗೆ ಕೊಡಬೇಕಾದ ಹಣವು ಕೇಳಿದ ಹಣಕ್ಕಿಂತ ಹೆಚ್ಚು. ನೆರೆಯವರ ಬಾಯಿಗೆ ಬೀಳುವ ಭಯವು ಅದಕ್ಕಿಂತಲೂ ಹೆಚ್ಚು. ಹೀಗಿರುವಲ್ಲಿ ಹಣ ಕೊಟ್ಟು ಸುಮ್ಮನಾಗುವುದೇ ವಿವೇಕವೆಂದು ತೋರುತ್ತದೆ. ನ್ಯಾಯಾಧೀಶನು ವಿಧಿಸುವ ದಂಡವು ಅಪರಾಧವನ್ನು ಅಳೆಯುತ್ತದೆ. ಇಲ್ಲಿ ದಂಡವು ಲಜ್ಜೆಯನ್ನು ಅಳೆಯುತ್ತದೆ. ಮಾನವಂತನು ಹೆಚ್ಚು ತೆರುತ್ತಾನೆ, ಲಜ್ಜೆಗೆಟ್ಟವನು ಪಾರಾಗುತ್ತಾನೆ. ಯಾವ ದಂಡನೀತಿಯೂ ಇದನ್ನು ಧರ್ಮವೆನ್ನಲಾರದು.

ಮನುಷ್ಯನ ಖಾಸಗಿತನವು ಏಕೆ ಪೂಜ್ಯವೆಂಬುದು ಇಲ್ಲಿ ಗೊತ್ತಾಗುತ್ತದೆ. ಮುಚ್ಚಿಡುವಂಥದು ಏನೂ ಇಲ್ಲದವನಿಗೆ ತೆರೆ ಏತಕ್ಕೆ ಎಂದು ಕೆಲವರು ಕೇಳುವುದುಂಟು. ಲಜ್ಜೆಯು ತೀರ್ಪಿಗಾಗಿ ಕಾಯುವುದಿಲ್ಲವೆಂಬುದೇ ಅವರಿಗೆ ಉತ್ತರ. ವಿಚಾರಣೆಯಾಗುವವರೆಗೆ ನಿರಪರಾಧಿಯ ಮಾನವನ್ನು ಕಾಯುವ ಗೋಡೆಯೇ ಖಾಸಗಿತನ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಅರ್ಜಿಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಇದನ್ನು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. ಆ ಗೋಡೆಯ ಮರೆಯಲ್ಲಿ ಕಳ್ಳನೂ ನಿಲ್ಲುವನೆಂಬುದು ನಿಜವೇ. ಅದಕ್ಕಾಗಿಯೇ ಗೋಡೆಗೆ ಬಾಗಿಲುಂಟು. ಬಾಗಿಲ ಬೀಗದ ಕೈ ಮಾತ್ರ ಕಾರಣವನ್ನು ಕೇಳಿ ತೂಗಿನೋಡುವ ನ್ಯಾಯಾಧೀಶನಲ್ಲಿರಬೇಕು, ಹಣವನ್ನು ನಿರೀಕ್ಷಿಸುವ ವಾದಿಯಲ್ಲಲ್ಲ.

ದಂಡವು ಸ್ಥಾನವನ್ನು ಬಿಟ್ಟು ಕದಲಿದರೆ ಇನ್ನೊಂದು ಕೇಡೂ ಉಂಟು. ಅಪರಿಚಿತನು ಪತ್ರ ಬರೆದು, ಅಪರಾಧವನ್ನು ಹೊರಿಸಿ, ಇಷ್ಟು ದಿನದೊಳಗೆ ಹಣ ಕೊಟ್ಟರೆ ಗುಟ್ಟು ಉಳಿಯುವುದೆಂದು ಹೇಳುವುದೇ ನ್ಯಾಯದ ರೂಪವೆಂದು ಜನರು ರೂಢಿಸಿಕೊಂಡರೆ, ಅದೇ ವೇಷವನ್ನು ವಂಚಕನೂ ತೊಡುತ್ತಾನೆ. 2012ರ ಸುಮಾರಿಗೆ ರೆವೆಟನ್ ಎಂಬ ದುಷ್ಟ ತಂತ್ರಾಂಶವು ಪರದೇಶಗಳಲ್ಲಿ ಕಂಪ್ಯೂಟರುಗಳನ್ನು ಬಂಧಿಸಿ, ಕೃತಿಸ್ವಾಮ್ಯದ ಉಲ್ಲಂಘನೆಗಾಗಿ ಪೋಲೀಸರಿಗೆ ದಂಡವನ್ನು ಕಟ್ಟಬೇಕೆಂದು ತೆರೆಯ ಮೇಲೆ ಬರೆದು ತೋರಿಸಿತು. ಭಾರತದಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ಮೋಸವು ಇದರ ತಮ್ಮನೇ ಸರಿ. ಪೋಲೀಸಿನ ಉಡುಪನ್ನು ತೊಟ್ಟವನು ವೀಡಿಯೋ ಕರೆಯಲ್ಲಿ ಕಾಣಿಸಿಕೊಂಡು, ಯಾರಿಗೂ ತಿಳಿಸಬೇಡವೆಂದು ಗದರಿಸಿ, ಓದಿದವರನ್ನೂ ನಿವೃತ್ತರನ್ನೂ ತಮ್ಮ ಮನೆಯಲ್ಲಿಯೇ ಸೆರೆಯಾಗಿಸಿ, ಜೀವಮಾನದ ಉಳಿತಾಯವನ್ನು ಸೆಳೆದುಕೊಳ್ಳುತ್ತಾನೆ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ಆಕಾಶವಾಣಿ ಭಾಷಣದಲ್ಲಿ ತಿಳಿಯಹೇಳಬೇಕಾಯಿತು. ನಿಜವಾದ ಅಧಿಕಾರವು ತನ್ನ ಸ್ಥಾನವನ್ನು ಹೇಳುತ್ತದೆ, ಉತ್ತರಕ್ಕೆ ಕಾಲವನ್ನು ಕೊಡುತ್ತದೆ, ಹತ್ತು ಜನರನ್ನು ಕೇಳಿಕೊಂಡು ಬಾ ಎನ್ನುತ್ತದೆ. ಅವಸರವೂ ಗುಟ್ಟೂ ಕೂಡಿ ಬಂದ ಕಡೆಯಲ್ಲಿ ವೇಷವನ್ನು ಶಂಕಿಸುವುದೇ ಯುಕ್ತ. 1930 ಎಂಬ ಸಂಖ್ಯೆಗೆ ಕೂಡಲೇ ದೂರವಾಣಿ ಮಾಡಿ ದೂರು ಕೊಡುವ ಏರ್ಪಾಡೂ ಉಂಟು.

ಹಾಗಾದರೆ ಒಡೆಯನು ಕೈಕಟ್ಟಿ ಕುಳಿತಿರಬೇಕೇ? ಬೇಡ. ತಡೆಯುವುದು ಬೇರೆ, ದಂಡಿಸುವುದು ಬೇರೆ. ಈ ಭೇದವನ್ನು ಹಳ್ಳಿಯ ಒಕ್ಕಲಿಗನೂ ಬಲ್ಲನು. ಪೈರನ್ನು ಮೇಯುವ ದನವನ್ನು ಅವನು ಹಿಡಿಯಬಹುದು. 24 ಗಂಟೆಗಳೊಳಗೆ ಅದನ್ನು ದೊಡ್ಡಿಗೆ ಸೇರಿಸಬೇಕೆಂದು 1871ರ ಶಾಸನವು ವಿಧಿಸಿತು. ಜುಲ್ಮಾನೆಯ ಮೊತ್ತವನ್ನು ಅವನು ಗೊತ್ತುಮಾಡುವಂತಿರಲಿಲ್ಲ. ಅನ್ಯಾಯವಾಗಿ ಹಿಡಿದಿದ್ದರೆ ದನದ ಯಜಮಾನನು ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಟ್ಟು ಪರಿಹಾರವನ್ನು ಪಡೆಯಬಹುದಾಗಿತ್ತು. ಭಾರತದ ಕೃತಿಸ್ವಾಮ್ಯ ಶಾಸನವೂ ಇದೇ ಹಾದಿಯಲ್ಲಿದೆ. 2012ರ ತಿದ್ದುಪಡಿಯ ಪ್ರಕಾರ ಒಡೆಯನ ಲಿಖಿತ ದೂರಿನ ಮೇಲೆ ಕೃತಿಯನ್ನು 21 ದಿನಗಳವರೆಗೆ ತಡೆಹಿಡಿಯಬೇಕು; ಅಷ್ಟರಲ್ಲಿ ನ್ಯಾಯಾಲಯದ ಆಜ್ಞೆ ಬಾರದಿದ್ದರೆ ಜಾಲತಾಣದವರು ಅದನ್ನು ಮತ್ತೆ ತೆರೆಯಬಹುದು. ಆಧಾರವಿಲ್ಲದೆ ವ್ಯಾಜ್ಯದ ಬೆದರಿಕೆ ಹಾಕುವವನ ಮೇಲೆಯೇ ದಾವೆ ಹೂಡಲು 1957ರ ಮೂಲ ಶಾಸನದ 60ನೆಯ ಪ್ರಕರಣವು ಅವಕಾಶವನ್ನು ಕೊಡುತ್ತದೆ. ಫ್ರಾನ್ಸಿನಲ್ಲಿಯೂ, ಪದೇ ಪದೇ ತಪ್ಪಿದವನ ಅಂತರ್ಜಾಲ ಸಂಪರ್ಕವನ್ನು ಕಡಿಯುವ ಅಧಿಕಾರವನ್ನು ಒಂದು ಆಡಳಿತ ಮಂಡಲಿಗೆ ಕೊಡಲು ಹೊರಟಾಗ, ಅದು ನ್ಯಾಯಾಧೀಶರಿಗೇ ಸಲ್ಲತಕ್ಕದ್ದೆಂದು ಅಲ್ಲಿನ ಸಂವಿಧಾನ ಪರಿಷತ್ತು 2009ರಲ್ಲಿ ತೀರ್ಪಿತ್ತಿತು.

ಬಡ ಗ್ರಂಥಕರ್ತನಿಗೆ ನ್ಯಾಯಸ್ಥಾನವು ದೂರ, ಅದರ ನಡೆಯು ನಿಧಾನ ಎಂಬ ಆಕ್ಷೇಪವು ಉಳಿಯುತ್ತದೆ, ಅದು ಸುಳ್ಳಲ್ಲ. ಆದರೆ ನ್ಯಾಯವು ನಿಧಾನವಾದರೆ ಅದನ್ನು ಚುರುಕುಗೊಳಿಸುವುದು ಮದ್ದೇ ಹೊರತು ವಾದಿಯ ಕೈಗೆ ಕೋಲನ್ನು ಕೊಡುವುದಲ್ಲ. ಆ ಕೋಲಿನಿಂದ ಲಾಭವಾದುದು ಬಡ ಕರ್ತೃವಿಗಲ್ಲ, ಪತ್ರ ಬರೆದವರಿಗೆ ಎಂಬುದನ್ನು ಮೇಲಿನ ಕಥೆಗಳೇ ಸಾಕ್ಷಿ ಹೇಳುತ್ತವೆ. ಗೃಹಸ್ಥರಿಗೂ ಇಲ್ಲಿ ಒಂದು ಧರ್ಮವುಂಟು. ಬೆಲೆ ಕೊಡದೆ ಇನ್ನೊಬ್ಬನ ಕೃತಿಯನ್ನು ಅನುಭವಿಸುವ ಮನೆಯು ಖಾಸಗಿತನದ ಮಾತನ್ನಾಡಿದರೆ ಆ ಮಾತಿಗೆ ತೂಕವಿರುವುದಿಲ್ಲ. ತನ್ನ ಗೋಡೆಯನ್ನು ಗೌರವಿಸಬೇಕೆನ್ನುವವನು ನೆರೆಯವನ ಬೇಲಿಯನ್ನೂ ಗೌರವಿಸಬೇಕು.

ತೀಕ್ಷ್ಣವಾದ ದಂಡವು ಪ್ರಜೆಗಳನ್ನು ನಡುಗಿಸುತ್ತದೆ, ಮೃದುವಾದುದು ತಾನೇ ತಿರಸ್ಕೃತವಾಗುತ್ತದೆ, ತಕ್ಕುದಾದುದು ಮಾತ್ರ ಪೂಜ್ಯವಾಗುತ್ತದೆ ಎಂಬುದು ಕೌಟಿಲ್ಯನ ಅಭಿಪ್ರಾಯ. ದಂಡವು ತಕ್ಕುದಾಗಬೇಕಾದರೆ ಅದನ್ನು ಹಿಡಿದವನಿಗೆ ಅದರ ಏಟಿನಿಂದ ಕಾಸಿನ ಲಾಭವೂ ಇರಬಾರದು.