ಹರಕೆಯ ಹುಂಜಕ್ಕೆ ಸಿಡುಬು ಎದ್ದಾಗ

ನಸುಕಿನಲ್ಲಿ ಕೂಗಬೇಕಾದ ಹುಂಜ ಕೂಗಲಿಲ್ಲವೆಂದರೆ ಮನೆಯಲ್ಲಿ ಮೊದಲು ಎಚ್ಚರವಾಗುವವರು ಅಜ್ಜಿ. ಮಂಕರಿ ಎತ್ತಿ ನೋಡಿದರೆ ಹುಂಜ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಮುದುಡಿದೆ. ಕೆಂಪಗಿರಬೇಕಾದ ಜುಟ್ಟಿನ ಮೇಲೆ ಹೆಸರುಕಾಳಿನ ಗಾತ್ರದ ಬೊಕ್ಕೆಗಳು. ಒಂದು ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿದೆ. ಕಿರುಗಾವಲಿನ ಸುತ್ತಮುತ್ತ, ಮಳವಳ್ಳಿ ಸೀಮೆಯ ಯಾವ ಹಿತ್ತಲಲ್ಲಾದರೂ ಕಾಣಬಹುದಾದ ನೋಟವಿದು. ಆದರೆ ಅದು ಮಾರಮ್ಮನಿಗೆ ಬಿಟ್ಟ ಹುಂಜವಾಗಿದ್ದರೆ, ಮದ್ದು ಹುಡುಕುವ ಮೊದಲೇ ಇನ್ನೊಂದು ಪ್ರಶ್ನೆ ಅಂಗಳಕ್ಕೆ ಬಂದು ಕೂರುತ್ತದೆ: ಇದು ರೋಗವೋ, ಅಮ್ಮನ ಮುನಿಸೋ?

ಮೂಢನಂಬಿಕೆ ಎಂದು ಇದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಆದರೆ ಭಾಷೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಪಶುವೈದ್ಯರೂ ಈ ಬೊಕ್ಕೆಯನ್ನು ಕರೆಯುವುದು ಕೋಳಿ ಸಿಡುಬು ಎಂದೇ. ಸಿಡುಬು ಎಂದರೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಅಮ್ಮ. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಬೀಳುತ್ತದೆ, ಒಗ್ಗರಣೆಯ ಘಾಟು ನಿಲ್ಲುತ್ತದೆ, ಬಾಡಿನ ಮಾತೇ ಇಲ್ಲ. ವಿಜ್ಞಾನದ ಲೆಕ್ಕದಲ್ಲೂ ಮನುಷ್ಯರನ್ನು ಕಾಡಿದ ಸಿಡುಬಿನ ವೈರಸ್ಸು ಮತ್ತು ಕೋಳಿಯ ಈ ವೈರಸ್ಸು ಒಂದೇ ಬಳಗದವು, ಕೋಳಿಯದು ಮನುಷ್ಯರಿಗೆ ಅಂಟುವುದಿಲ್ಲ ಅಷ್ಟೆ. ಹಾಗಾದರೆ ಹುಂಜಕ್ಕೆ ಅಮ್ಮ ಆದರೂ ಮನೆಯವರು ಒಗ್ಗರಣೆ ಬಿಡಬೇಕೆ? ಎಷ್ಟೇ ಭಕ್ತಿಯ ಅಜ್ಜಿಯಾದರೂ ಅಷ್ಟು ದೂರ ಹೋಗಲಾರರು.

ಹಾಗೆಂದು ಅಜ್ಜಿ ಸುಮ್ಮನೆ ಕೈಕಟ್ಟಿ ಕೂರುವುದೂ ಇಲ್ಲ. ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ತನಿಖೆ ಶುರುಮಾಡುತ್ತಾರೆ. ಕತ್ತು ತಿರುಚಿಕೊಂಡಿದೆಯೇ, ಹಿಕ್ಕೆ ಹಸಿರಾಗಿ ನೀರಾಗಿದೆಯೇ, ಬಾಯಿ ತೆರೆದು ಉಸಿರಿಗೆ ಎಳೆಯುತ್ತಿದೆಯೇ? ಹೌದಾದರೆ ಅದು ಹಳ್ಳಿಯವರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಆಗಿರಬಹುದು. ಉತ್ತರಾಖಂಡದ ಗಿರಿಪಟ್ಟಣವೊಂದರ ಹೆಸರು 1920ರ ದಶಕದಿಂದ ಹೊತ್ತಿರುವ ಆ ರೋಗ ಹೊಕ್ಕರೆ ಕೇರಿಯ ಕೋಳಿಗಳೆಲ್ಲ ಸಾಲಾಗಿ ಮಲಗುತ್ತವೆ. ಜುಟ್ಟು ಬಿಳಿಚಿದ್ದರೆ ಹೊಟ್ಟೆಹುಳುವಿನದೋ ಹೇನಿನದೋ ಕಾಟ. ಜುಟ್ಟು ನೀಲಿಗಟ್ಟಿ, ಮುಖ ಊದಿ, ಒಂದರ ಹಿಂದೊಂದು ಸಾಯುತ್ತಿದ್ದರೆ ಮುಚ್ಚಿಡುವಂತಿಲ್ಲ, ಪಶು ಆಸ್ಪತ್ರೆಗೆ ತಿಳಿಸಲೇಬೇಕು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಖಚಿತವಾದಾಗ ಸುತ್ತಲಿನ ಸಾಕುಕೋಳಿಗಳನ್ನು ಕೊಲ್ಲಬೇಕಾಗಿ ಬಂದಿತ್ತು. ಹರಕೆಯದೋ ಸಾರಿನದೋ ಎಂದು ಅಂಥ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

ಬೊಕ್ಕೆ ಇರುವುದು ಜುಟ್ಟು, ಗದ್ದದ ಜೋಲು, ರೆಪ್ಪೆಯಂಥ ಪುಕ್ಕವಿಲ್ಲದ ಜಾಗಗಳಲ್ಲಿ ಮಾತ್ರವೆಂದರೆ ಕೋಳಿ ಸಿಡುಬು ಎಂಬ ಅನುಮಾನ ಗಟ್ಟಿಯಾಗುತ್ತದೆ. ಅದನ್ನು ಕೋಳಿಯಿಂದ ಕೋಳಿಗೆ ಸಾಗಿಸುವುದು ಮುಖ್ಯವಾಗಿ ಸೊಳ್ಳೆ. ನಾಲೆ ನೀರು ನಿಂತ ಗದ್ದೆಬಯಲಿನಲ್ಲಿ ಸೊಳ್ಳೆಗೇನು ಬರ? ಕೊಕ್ಕು ತೆರೆದು ಗಂಟಲನ್ನೂ ನೋಡಬೇಕು. ಒಳಗೆ ಹಳದಿ ಪೊರೆ ಕಟ್ಟಿದ್ದರೆ ಹಕ್ಕಿ ಉಸಿರುಗಟ್ಟಿ ಸಾಯಬಹುದು. ಹೊರಗಿನ ಬೊಕ್ಕೆ ಮಾತ್ರವಾದರೆ ಮೂರು ನಾಲ್ಕು ವಾರದಲ್ಲಿ ಹಕ್ಕಳೆಗಟ್ಟಿ ತಾನೇ ಉದುರುತ್ತದೆ. ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧವಿಲ್ಲ. ರೋಗ ಬರುವ ಮೊದಲೇ ರೆಕ್ಕೆಯ ತೆಳುಚರ್ಮಕ್ಕೆ ಎರಡು ಮೊನೆಯ ಸೂಜಿಯಿಂದ ಚುಚ್ಚುವ ಲಸಿಕೆಯಿದೆ. ಬಂದ ಮೇಲೆ ಗಾಯ ಕೀವಾಗದಂತೆ ನೋಡಿಕೊಳ್ಳಬೇಕು, ಕಣ್ಣು ತೊಳೆಯಬೇಕು, ಉಳಿದ ಕೋಳಿಗಳಿಂದ ದೂರವಿಡಬೇಕು, ಕಣ್ಣು ಕಾಣದ ಹಕ್ಕಿಯ ಬಾಯಿಗೆ ನೀರು ತುತ್ತು ಕೊಡಬೇಕು. ಅಜ್ಜಿ ಮಾಡುವುದು ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಬೊಕ್ಕೆಗೆ ಹಚ್ಚುವುದು. ಬೇವು, ಅರಿಶಿನ ಎರಡೂ ಮಾರಮ್ಮನಿಗೆ ಸಲ್ಲುವವೇ. ಆ ಬೆರಳು ಮದ್ದು ಹಚ್ಚುತ್ತಿದೆಯೋ ಪೂಜೆ ಮಾಡುತ್ತಿದೆಯೋ, ನೋಡಿದವರಿಗೆ ಹೇಳಲಾಗದು.

ಮೈಸೂರು ಸೀಮೆಗೆ ಮದ್ದು-ಪೂಜೆಗಳ ಈ ಬೆರಕೆ ಹೊಸದಲ್ಲ. ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರ 1805ರ ಸುಮಾರಿಗೆ ಬಿಡಿಸಿದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅವರಲ್ಲೊಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಭೂಮಿಯಿಂದಲೇ ಅಳಿಯಿತೆಂದು ಸಾರಿತು. ಸಿಡುಬಿನ ಭಯವೇ ಮಾರಮ್ಮನಾಗಿದೆ ಎನ್ನುವವರ ಮಾತು ಪೂರ್ತಿ ನಿಜವಾಗಿದ್ದರೆ ಅಂದೇ ಗುಡಿಗಳ ಬಾಗಿಲು ಮುಚ್ಚಬೇಕಿತ್ತು. ರೋಗ ಹೋಯಿತು, ಅಮ್ಮ ಹೋಗಲಿಲ್ಲ. ಬೊಕ್ಕೆಗೆ ಕಾರಣ ಹೇಳುವುದಷ್ಟೇ ಆಕೆಯ ಕೆಲಸವಾಗಿರಲಿಲ್ಲ. ಜನ ಆಕೆಗೆ ಏನನ್ನೋ ಸಲ್ಲಿಸಬೇಕಾದ ಬಾಕಿಯಲ್ಲಿದ್ದರು, ಇನ್ನೂ ಇದ್ದಾರೆ. ಆ ಬಾಕಿಯೇ ಹರಕೆ.

ಬಾಕಿಯ ವಸ್ತುವಿಗೇ ಕಾಯಿಲೆಯಾದರೆ?

ಕಿರುಗಾವಲಿನ ಪಕ್ಕದ ಬಂಡೂರಿನ ಹೆಸರಿನ ಗಿಡ್ಡ ಕುರಿಗೆ ಬಕ್ರೀದ್ ಸಮಯದಲ್ಲಿ ದೂರದಿಂದ ಗಿರಾಕಿಗಳು ಬರುತ್ತಾರೆ. ಅವರು ಕಣ್ಣು ನೋಡುತ್ತಾರೆ, ಕಾಲು ನೋಡುತ್ತಾರೆ, ಹಲ್ಲು ಎಣಿಸುತ್ತಾರೆ. ಎದ್ದುಕಾಣುವ ಕುರುಡು, ಕುಂಟು, ಕಾಯಿಲೆ, ಎಲುಬು ಕಾಣುವಷ್ಟು ಸೊರಗು ಇರುವ ಪ್ರಾಣಿ ಕುರ್ಬಾನಿಗೆ ಆಗದೆಂಬುದು ಇಸ್ಲಾಮಿನ ನಿಯಮ. ಯೆಹೂದ್ಯರ ಧರ್ಮಗ್ರಂಥವೂ ಊನವಿರುವ ಪ್ರಾಣಿಯನ್ನು ಬಲಿಪೀಠದಿಂದ ದೂರವಿಟ್ಟಿತ್ತು. ಮಾರಮ್ಮನಿಗೆ ಬರೆದಿಟ್ಟ ಶಾಸ್ತ್ರವಿಲ್ಲದಿರಬಹುದು, ಆದರೆ ಸೊಟ್ಟ ಹುಂಜವನ್ನು ಆಕೆಯ ಮುಂದೆ ಹಿಡಿಯಲು ಯಾರಿಗೂ ಮನಸ್ಸು ಬಾರದು. ಅಲ್ಲಿಗೆ ವಿಚಿತ್ರವೊಂದು ಹುಟ್ಟುತ್ತದೆ. ಕಾಯಿಲೆ ಇರುವವರೆಗೆ ಹುಂಜದ ತಲೆ ಉಳಿಯುತ್ತದೆ. ಅರಿಶಿನ ಹಚ್ಚಿ, ತುತ್ತು ತಿನ್ನಿಸಿ, ಸೊಳ್ಳೆ ಓಡಿಸಿ ಗುಣಮಾಡಿದರೆ ಜಾತ್ರೆಗೆ ಸಿದ್ಧವಾಗುತ್ತದೆ. ಆರೈಕೆಯೇ ಕತ್ತಿಯ ದಾರಿ ಸುಗಮ ಮಾಡುತ್ತದೆ. ಹಾಗಾದರೆ ಈ ಶುಶ್ರೂಷೆ ಕರುಣೆಯೋ, ಬರೀ ತಯಾರಿಯೋ?

ಕನ್ನಡದಲ್ಲಿ ಈ ಗಂಟನ್ನು ಎಂಟು ಶತಮಾನಗಳ ಹಿಂದೆಯೇ ಕೈಗೆತ್ತಿಕೊಂಡವನು ಜನ್ನ. ಹೊಯ್ಸಳರ ಆಸ್ಥಾನದ ಆ ಜೈನಕವಿ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಹೋರಾಟವೆಲ್ಲ ಒಂದು ಕೋಳಿಯ ಸುತ್ತ. ಮಗನ ಕೆಟ್ಟ ಕನಸಿನ ಮಾತು ಕೇಳಿ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಅರಸು ಯಶೋಧರ ಜೀವ ತೆಗೆಯಲೊಲ್ಲ. ಕಡೆಗೆ ಇಬ್ಬರಿಗೂ ಒಪ್ಪುವ ಒಂದು ಉಪಾಯ ಸಿಗುತ್ತದೆ: ಹಿಟ್ಟಿನ ಕೋಳಿ. ರಕ್ತವಿಲ್ಲ, ಪ್ರಾಣವಿಲ್ಲ, ಯಾರಿಗೂ ನೋವಿಲ್ಲ. ಆದರೆ ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಕೊಲ್ಲುವ ಸಂಕಲ್ಪವೇ ಕೊಲೆಯ ಫಲ ಕೊಡುತ್ತದೆ. ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು ಎಂದು ಜನ್ಮಗಳನ್ನು ಅಲೆದು, ಕೊನೆಗೆ ಕೋಳಿಗಳೇ ಆಗಿ ಹುಟ್ಟುತ್ತಾರೆ. ಮುನಿಯೊಬ್ಬನ ಧರ್ಮದ ಮಾತು ಕಿವಿಗೆ ಬಿದ್ದು ಸಂತೋಷದಿಂದ ಕೂಗಿದಾಗ, ಆ ದನಿಗೆ ಗುರಿಯಿಟ್ಟ ಬಾಣ ಅವರನ್ನು ಕೊಲ್ಲುತ್ತದೆ. ಬಾಣ ಬಿಟ್ಟವನು ಯಶೋಧರನ ಮಗನೇ. ಗಿರೀಶ ಕಾರ್ನಾಡರು ಈ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು.

ಜನ್ನನ ಪ್ರಕಾರ ಅಜ್ಜಿಯ ಕೈ ಏನು ಮಾಡುತ್ತಿದೆ ಎಂಬುದಕ್ಕಿಂತ ಮನಸ್ಸು ಏನು ಮಾಡುತ್ತಿದೆ ಎಂಬುದೇ ಮುಖ್ಯ. ಇದನ್ನು ಪೂರ್ತಿ ಒಪ್ಪುವುದು ಕಷ್ಟ. ಸಂಕಲ್ಪವೇ ಎಲ್ಲವಾದರೆ, ಮೂರು ವಾರ ಹುಂಜದ ಕಣ್ಣು ತೊಳೆದ ಬೆಚ್ಚನೆ ನೀರಿಗೆ ಬೆಲೆಯೇ ಇಲ್ಲವಾಗುತ್ತದೆ. ಆರೈಕೆ ಮಾಡುತ್ತಾ ಮಾಡುತ್ತಾ ಸಂಕಲ್ಪವೇ ಬದಲಾಗುವುದೂ ಉಂಟು. ಜನ್ನನ ಅರಸನಿಗೆ ಆ ಅವಕಾಶ ಇರಲಿಲ್ಲ, ಹಿಟ್ಟಿಗೆ ಕಾಯಿಲೆಯಾಗುವುದಿಲ್ಲವಲ್ಲ.

ಬೆರಗಿನ ಮಾತೆಂದರೆ ಕಾನೂನೂ ಜನ್ನನ ಪಕ್ಷವೇ. ರಾಜ್ಯದ 1959ರ ಪ್ರಾಣಿಬಲಿ ತಡೆ ಕಾಯ್ದೆ ದೇವರನ್ನು ಒಲಿಸಿಕೊಳ್ಳುವ ಉದ್ದೇಶದಿಂದ ಕೊಲ್ಲುವುದನ್ನು ಬಲಿ ಎನ್ನುತ್ತದೆ, ದೇಗುಲದಲ್ಲೂ ಅದರ ಆವರಣದಲ್ಲೂ ಅದನ್ನು ನಿಷೇಧಿಸುತ್ತದೆ. ಅದೇ ಹುಂಜವನ್ನು ಮನೆಯಲ್ಲಿ ಮುದ್ದೆಗೆ ಸಾರು ಮಾಡಿದರೆ ಪ್ರಶ್ನೆಯಿಲ್ಲ. ಮರುವರ್ಷದ ಕೇಂದ್ರ ಕಾಯ್ದೆ, ಪ್ರಾಣಿಹಿಂಸೆ ತಡೆಯಲೆಂದೇ ಬಂದದ್ದು, ತನ್ನ 28ನೇ ಸೆಕ್ಷನ್ನಿನಲ್ಲಿ ಧರ್ಮ ಬಯಸುವ ರೀತಿಯಲ್ಲಿ ಕೊಲ್ಲುವುದು ತನ್ನ ಪ್ರಕಾರ ಅಪರಾಧವಲ್ಲ ಎನ್ನುತ್ತದೆ. ಎರಡು ಶಾಸನಗಳ ನಡುವೆ ಹುಂಜ ನಿಂತಿದೆ.

ಪ್ಲೇಟೋ ಬರೆದಂತೆ, ವಿಷ ಕುಡಿದ ಸಾಕ್ರೆಟಿಸ್ ಕೊನೆಗೆ ಗೆಳೆಯ ಕ್ರಿಟೋನಿಗೆ ನೆನಪಿಸಿದ್ದೂ ಒಂದು ಕೋಳಿಯ ಬಾಕಿಯನ್ನೇ. ಅದು ಸಲ್ಲಬೇಕಿದ್ದದ್ದು ರೋಗ ವಾಸಿಮಾಡುವ ದೇವರು ಅಸ್ಕ್ಲೀಪಿಯಸನಿಗೆ. ಯಾವ ರೋಗ ವಾಸಿಯಾಗಿದ್ದಕ್ಕೆ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಆ ಕೋಳಿ ಆರೋಗ್ಯವಾಗಿತ್ತೇ ಎಂದು ಕೇಳಿದವರು ಕಡಿಮೆ.

ಇತ್ತ ನಾಲ್ಕನೇ ವಾರಕ್ಕೆ ಹಕ್ಕಳೆ ಉದುರುತ್ತದೆ. ಹುಂಜ ಒಂದು ದಿನ ಮಂಕರಿಯೊಳಗಿಂದಲೇ ಒಡಕು ದನಿಯಲ್ಲಿ ಕೂಗುತ್ತದೆ. ಒಮ್ಮೆ ಬಂದು ಗುಣವಾದ ಹಕ್ಕಿಗೆ ಆ ಸಿಡುಬು ಮತ್ತೆ ಬರುವುದು ಅಪರೂಪ. ಜುಟ್ಟಿನ ಮೇಲೆ ಅಲ್ಲಲ್ಲಿ ಕಲೆ ಉಳಿದಿದೆ. ಅಜ್ಜಿ ಅದನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಕಲೆ ಊನವೋ ಅಲ್ಲವೋ ಎಂದು ತೀರ್ಮಾನಿಸಬೇಕಾದವರು ಈಗ ಅವರೇ. ಊನ ಅಂದರೆ ಜಾತ್ರೆಗೆ ಬೇರೆ ಹುಂಜ ಹುಡುಕಬೇಕಾಗುತ್ತದೆ. ಮೊಮ್ಮಗ ಪಕ್ಕದಲ್ಲೇ ಕೂತು, ಅಜ್ಜಿ ಏನನ್ನುತ್ತಾರೋ ಎಂದು ಕಾಯುತ್ತಿದ್ದಾನೆ.