ಕೆಲಸ ಹುಡುಕಿದ ಲೆಕ್ಕ ಯಾರಿಗೆ?

ಕೆಲವು ತಿಂಗಳ ಹಿಂದೆ ಬ್ರಿಟನ್ನಿನಿಂದ ನನಗೊಂದು ಪತ್ರ ಬಂತು. ಬರೆದವನು ಮದ್ರಸದಲ್ಲಿ ನನ್ನೊಂದಿಗೆ ಒಂದೇ ಚಾಪೆಯಲ್ಲಿ ಕುಳಿತು ಓದಿದವನು. ಮದುವೆಯ ನಂತರ ಆ ದೇಶಕ್ಕೆ ಹೋಗಿ ಅಲ್ಲೇ ಕಾಯಂ ಆಗಿ ನೆಲೆಸಿದ್ದಾನೆ. ಅವನು ದುಡಿಯುತ್ತಿದ್ದ ಗೋದಾಮು ಮುಚ್ಚಿತು. ಮನೆಯಲ್ಲಿ ಎರಡು ಮಕ್ಕಳು. ನಿರುದ್ಯೋಗಿಗಳಿಗೆ ಅಲ್ಲಿನ ಸರಕಾರ ಸಹಾಯಧನ ಕೊಡುತ್ತದೆ. ಆದರೆ ವಾರಕ್ಕೆ 35 ಗಂಟೆ ಕೆಲಸ ಹುಡುಕಿದ್ದೇನೆಂದು ಅವನು ತೋರಿಸಬೇಕು.

ಅವನು ಬರೆದ ವಿಷಯ ಇಷ್ಟು: ತನಗೆ ಹೊಂದುವ ಕೆಲಸಗಳಿಗೆಲ್ಲ ಅರ್ಜಿ ಹಾಕಿ ಮುಗಿಯುವಾಗ ಬುಧವಾರವಾಗಿರುತ್ತದೆ. ಉಳಿದ ದಿನಗಳ ಲೆಕ್ಕ ತುಂಬಿಸಬೇಕಲ್ಲ? ಕ್ರೇನ್ ನಡೆಸಲು ಬಾರದ ಅವನು ಕ್ರೇನ್ ಚಾಲಕನ ಹುದ್ದೆಗೆ ಅರ್ಜಿ ಹಾಕಿದ. ಹತ್ತು ನಿಮಿಷ ಜಾಹೀರಾತು ನೋಡಿದ್ದನ್ನು ಎರಡು ಗಂಟೆಯೆಂದು ದಿನಚರಿಯಲ್ಲಿ ಬರೆದ. ಬಂದ ಹಣದಿಂದ ಅಕ್ಕಿ, ಹಾಲು ತಂದ. ಪತ್ರದ ಕೊನೆಯಲ್ಲಿ ಒಂದೇ ಪ್ರಶ್ನೆ: 'ನನ್ನ ಮಕ್ಕಳು ಉಂಡ ಆ ಅನ್ನ ಹಲಾಲೇ?'

ಓದುಗರೇ, ನಾನು ಮುಫ್ತಿಯಲ್ಲ. ಫತ್ವಾ ನೀಡುವ ಅರ್ಹತೆ ನನಗಿಲ್ಲ. ಆದರೆ ಈ ಪ್ರಶ್ನೆ ಅವನೊಬ್ಬನದಲ್ಲ. ಕೊಡುವವನು ಷರತ್ತು ಹಾಕುವಲ್ಲೆಲ್ಲ, ಪಡೆಯುವವನು ಸಹಿ ಹಾಕುವಲ್ಲೆಲ್ಲ ಈ ಪ್ರಶ್ನೆ ಏಳುತ್ತದೆ. ಆದುದರಿಂದ ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಷರತ್ತು ಬಂದ ಬಗೆ

ಬ್ರಿಟನ್ನಿನಲ್ಲಿ ನಿರುದ್ಯೋಗ ವಿಮೆ ಆರಂಭವಾದುದು 1911ರ ಕಾಯ್ದೆಯಿಂದ. ಮೊದಲು ಹಡಗು ನಿರ್ಮಾಣ, ಕಟ್ಟಡ ನಿರ್ಮಾಣ, ಯಂತ್ರೋದ್ಯಮ ಮುಂತಾದ ಕೆಲವೇ ಕಸಬುಗಳಿಗೆ ಅದು ಅನ್ವಯಿಸುತ್ತಿತ್ತು. ಅದಕ್ಕೂ ಒಂದು ವರ್ಷ ಮೊದಲೇ ಸರಕಾರಿ ಉದ್ಯೋಗ ವಿನಿಮಯ ಕೇಂದ್ರಗಳು ತೆರೆದಿದ್ದವು. ಕೆಲಸ ಕಳೆದುಕೊಂಡವನು ಅಲ್ಲಿ ಹೆಸರು ನೋಂದಾಯಿಸಿದರೆ ಸಾಕಿತ್ತು. ಅವನಿಗೆ ನಿಜವಾಗಿ ದುಡಿಯುವ ಮನಸ್ಸಿದೆಯೇ ಎಂದು ತಿಳಿಯಲು ಆ ಕೇಂದ್ರವೇ ಅವನ ಮುಂದೆ ಒಂದು ಕೆಲಸವನ್ನು ಇಡಬೇಕಾಗಿತ್ತು.

ಮೊದಲ ಮಹಾಯುದ್ಧದ ಬಳಿಕ ನಿರುದ್ಯೋಗ ಹೆಚ್ಚಿತು, ಖಜಾನೆಗೆ ಭಾರವಾಯಿತು. 1921ರಲ್ಲಿ ಹೊಸ ಷರತ್ತು ಬಂತು. ತಾನು ಪ್ರಾಮಾಣಿಕವಾಗಿ ಕೆಲಸ ಹುಡುಕುತ್ತಿದ್ದೇನೆಂದು ಕಾರ್ಮಿಕನೇ ರುಜುವಾತು ಮಾಡಬೇಕಾಯಿತು. ಕೆಲಸ ಎಲ್ಲೂ ಇಲ್ಲವೆಂದು ಊರಿಗೆಲ್ಲ ಗೊತ್ತಿದ್ದರೂ ಜನರು ಒಂದು ಕಾರ್ಖಾನೆಯ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ನಡೆದು, ಅಲೆದ ಲೆಕ್ಕವನ್ನು ಒಪ್ಪಿಸಬೇಕಾಗಿತ್ತು. ಒಪ್ಪಿಸಲಾಗದೆ ಲಕ್ಷಾಂತರ ಅರ್ಜಿಗಳು ತಿರಸ್ಕೃತವಾದವು. 1930ರಲ್ಲಿ ಈ ಷರತ್ತನ್ನು ರದ್ದುಪಡಿಸಲಾಯಿತು.

ಆದರೆ ಅದು ಮರಳಿ ಬಂತು. 1989ರ ಕಾಯ್ದೆ ಸಕ್ರಿಯವಾಗಿ ಕೆಲಸ ಹುಡುಕುವುದನ್ನು ಮತ್ತೆ ಕಡ್ಡಾಯಗೊಳಿಸಿತು. 1996ರ ಅಕ್ಟೋಬರಿನಲ್ಲಿ ಸಹಾಯಧನದ ಹೆಸರೇ 'ಜಾಬ್‌ಸೀಕರ್ಸ್ ಅಲೋಯೆನ್ಸ್', ಅಂದರೆ ಕೆಲಸ ಹುಡುಕುವವನ ಭತ್ಯೆ ಎಂದಾಯಿತು. 2012ರ ಕಾಯ್ದೆಯಂತೆ 2013ರಿಂದ 'ಯೂನಿವರ್ಸಲ್ ಕ್ರೆಡಿಟ್' ಜಾರಿಗೆ ಬಂತು. ಪಡೆಯುವವನು ಒಂದು ಬದ್ಧತಾ ಪತ್ರವನ್ನು ಒಪ್ಪಿಕೊಳ್ಳಬೇಕು. ಅಡ್ಡಿಯಿಲ್ಲದವನಿಗೆ ವಾರಕ್ಕೆ 35 ಗಂಟೆ. ಕಾಯಿಲೆಯವರಿಗೆ, ಎಳೆಯ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕಡಿಮೆ. ತಪ್ಪಿದರೆ ಹಣ ಕಡಿತ. ಗಂಭೀರ ತಪ್ಪು ಪದೇ ಪದೇ ನಡೆದರೆ ಮೂರು ವರ್ಷದವರೆಗೂ ಕಡಿತಕ್ಕೆ ಅವಕಾಶವಿತ್ತು; 2019ರಲ್ಲಿ ಅದನ್ನು ಆರು ತಿಂಗಳಿಗೆ ಇಳಿಸಲಾಯಿತು.

ಷರತ್ತಿನೊಳಗಿನ ಸತ್ಯ

ಇದನ್ನೆಲ್ಲ ಕೇಳಿದೊಡನೆ ನಿರ್ದಯಿ ಸರಕಾರವೆಂದು ಹೇಳಿಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ದುಡಿಯಬಲ್ಲವನು ದುಡಿಯಬೇಕೆಂಬುದು ನಮ್ಮ ಧರ್ಮದ ಬೋಧನೆಯೂ ಹೌದು. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡುವುದು ತವಕ್ಕುಲ್ ಅಲ್ಲ. ಹಕ್ಕಿಗೆ ಅನ್ನ ಕೊಡುವವನು ಅಲ್ಲಾಹನೇ. ಆದರೆ ಹಕ್ಕಿಯೂ ಬೆಳಗಾಗುತ್ತಲೇ ಗೂಡು ಬಿಟ್ಟು ಹಾರುತ್ತದೆ. ಸಾರ್ವಜನಿಕರ ಹಣವೆಂಬುದು ಅಮಾನತ್. ದುಡಿಯುವವನ ಬೆವರಿನಿಂದ ಬಂದುದನ್ನು ದುಡಿಯಲು ಮನಸ್ಸಿಲ್ಲದವನಿಗೆ ಹಂಚುವ ಹಕ್ಕು ಆಡಳಿತಗಾರನಿಗಿಲ್ಲ.

ವಿದಾಯದ ಹಜ್ಜ್ ಸಂದರ್ಭದಲ್ಲಿ ಪ್ರವಾದಿವರ್ಯರು(ಸ) ಸದಕಾ ಹಂಚುತ್ತಿದ್ದಾಗ ಇಬ್ಬರು ಬಂದು ತಮಗೂ ಕೊಡಬೇಕೆಂದು ಕೇಳಿದ ಘಟನೆ ಹದೀಸ್‌ನಲ್ಲಿದೆ. ಪ್ರವಾದಿವರ್ಯರು(ಸ) ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಬೇಕೆಂದರೆ ಕೊಡುತ್ತೇನೆ, ಆದರೆ ಶ್ರೀಮಂತನಿಗೂ ದುಡಿಯಬಲ್ಲ ಬಲಶಾಲಿಗೂ ಇದರಲ್ಲಿ ಪಾಲಿಲ್ಲ ಎಂದು ತಿಳಿಸಿದರು. ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ನಿಯಮವನ್ನು ಅವರು ಸಡಿಲಿಸಲಿಲ್ಲ. ಹಾಗೆಂದು ಆ ಇಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆಯನ್ನೂ ಮಾಡಲಿಲ್ಲ. ನಿಯಮವನ್ನು ಹೇಳಿ, ತೀರ್ಪನ್ನು ಅವರವರ ಮನಸ್ಸಾಕ್ಷಿಗೆ ಬಿಟ್ಟರು.

ಕಾವು ಹಾಕಿದ ಕೈ

ಇನ್ನೊಂದು ಘಟನೆಯನ್ನು ನೀವು ಅನೇಕ ಸಲ ಕೇಳಿರುತ್ತೀರಿ. ಅನ್ಸಾರಿಗಳಲ್ಲೊಬ್ಬರು ಸಹಾಯ ಬೇಡಿ ಬಂದರು. ಮನೆಯಲ್ಲೇನಿದೆಯೆಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಹಾಸಿ ಹೊದೆಯುವ ಒಂದು ಒರಟು ಬಟ್ಟೆ, ನೀರು ಕುಡಿಯುವ ಒಂದು ಪಾತ್ರೆ. ಅವನ್ನು ತರಿಸಿ, ತಾವೇ ಹರಾಜು ಕೂಗಿ, ಎರಡು ದಿರ್ಹಮಿಗೆ ಮಾರಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಆ ಕೊಡಲಿಗೆ ತಮ್ಮ ಕೈಯಿಂದಲೇ ಕಾವು ಹಾಕಿಕೊಟ್ಟು, ಕಟ್ಟಿಗೆ ಕಡಿದು ಮಾರಲು ಹೇಳಿ, ಹದಿನೈದು ದಿನ ಇತ್ತ ಬರಬೇಡವೆಂದು ಕಳುಹಿಸಿದರು. ಅವರು ಮರಳಿ ಬಂದಾಗ ಹತ್ತು ದಿರ್ಹಮ್ ಸಂಪಾದಿಸಿದ್ದರು.

ಬೇಡುವುದಕ್ಕಿಂತ ದುಡಿಯುವುದು ಮೇಲೆಂದು ಹೇಳಲು ನಾವು ಈ ಹದೀಸನ್ನು ಉದ್ಧರಿಸುತ್ತೇವೆ. ಅದು ಸರಿಯೇ. ಆದರೆ ಕೊಡಲಿಯ ಕಾವನ್ನು ಮರೆಯುತ್ತೇವೆ. ಹೋಗಿ ಕೆಲಸ ಹುಡುಕು ಎಂಬ ಉಪದೇಶದಲ್ಲಿ ಮಾತು ಮುಗಿಯಲಿಲ್ಲ. ಮೊದಲು ಮನೆಮಂದಿಗೆ ಅಂದಿನ ಊಟ, ನಂತರ ಕೈಗೆ ಸಾಧನ, ಆ ಮೇಲೆ ಯಾವ ಕೆಲಸವೆಂಬ ಮಾರ್ಗದರ್ಶನ, ಕೊನೆಗೆ ಅವಧಿ. ಹದಿನೈದು ದಿನಗಳ ಬಳಿಕ ಕೇಳಿದ ಲೆಕ್ಕವಾದರೂ ಯಾವುದು? ಎಷ್ಟು ಗಂಟೆ ಕಾಡಿನಲ್ಲಿ ತಿರುಗಿದೆ ಎಂಬುದಲ್ಲ. ಕೆಲಸ ನಡೆಯಿತೇ ಎಂಬುದು.

1911ರ ನಿಯಮಕ್ಕೂ 1921ರ ನಿಯಮಕ್ಕೂ ಇದ್ದ ಅಂತರವೂ ಇದೇ ಆಗಿದೆ. ಮೊದಲನೆಯದರಲ್ಲಿ ಕೇಂದ್ರವು ಒಂದು ಕೆಲಸವನ್ನು ತೋರಿಸಿ ಪರೀಕ್ಷಿಸಬೇಕಿತ್ತು. ಎರಡನೆಯದರಲ್ಲಿ ಬರಿಗೈಯವನನ್ನು ಬೀದಿಗೆ ಕಳುಹಿಸಿ, ಅವನು ಸವೆಸಿದ ಚಪ್ಪಲಿಯ ಲೆಕ್ಕ ಕೇಳಲಾಯಿತು.

ನಿಯಮವೇ ತಪ್ಪು ಮಾಡಿಸಿದಾಗ

ಖಲೀಫಾ ಉಮರ್(ರ) ಅವರ ಆಡಳಿತದಲ್ಲಿ ಮಕ್ಕಳಿಗೂ ಬೈತುಲ್ ಮಾಲ್‌ನಿಂದ ಭತ್ಯೆ ಸಿಗುತ್ತಿತ್ತು. ಆದರೆ ಮಗು ಎದೆಹಾಲು ಬಿಟ್ಟ ನಂತರವೇ ಅದು ಆರಂಭವಾಗಬೇಕೆಂಬ ನಿಯಮವಿತ್ತು. ಒಂದು ರಾತ್ರಿ ಮದೀನಾಕ್ಕೆ ಬಂದಿಳಿದಿದ್ದ ವರ್ತಕರ ತಂಡಕ್ಕೆ ಕಾವಲಾಗಿ ಅವರು ಎಚ್ಚರವಿದ್ದಾಗ ಒಂದು ಹಸುಳೆಯ ಅಳು ಕೇಳಿಸಿತು. ಹೋಗಿ ತಾಯಿಗೆ ಹೇಳಿಬಂದರು. ಅಳು ನಿಲ್ಲಲಿಲ್ಲ. ಮತ್ತೆ ಹೋದರು, ಮತ್ತೂ ಹೋದರು. ಎದುರಿಗಿರುವವರು ಖಲೀಫರೆಂದು ಆ ತಾಯಿಗೆ ತಿಳಿದಿರಲಿಲ್ಲ. ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಹಾಲು ಬಿಟ್ಟ ಮಕ್ಕಳಿಗಷ್ಟೇ ಉಮರ್ ಭತ್ಯೆ ಕೊಡುತ್ತಾರಲ್ಲ ಎಂದು ಅವಳು ಹೇಳಿದಳು. ಮಗುವಿಗೆ ಇನ್ನೂ ಕೆಲವೇ ತಿಂಗಳು.

ಅಂದಿನ ಫಜ್ರ್ ನಮಾಝಿನಲ್ಲಿ ಉಮರ್(ರ) ಅವರ ಅಳುವಿನಿಂದಾಗಿ ಅವರ ಪಾರಾಯಣವೇ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ ಎಂದು ಇತಿಹಾಸಕಾರ ಇಬ್ನು ಸಅದ್ ದಾಖಲಿಸಿದ್ದಾರೆ. ನಮಾಝ್ ಮುಗಿಯುತ್ತಲೇ, ಇನ್ನು ಹುಟ್ಟಿದಂದಿನಿಂದಲೇ ಭತ್ಯೆ, ಯಾರೂ ಮಕ್ಕಳಿಗೆ ಅವಸರದಿಂದ ಹಾಲು ಬಿಡಿಸಬೇಡಿರೆಂದು ಸಾರಿಸಿದರು.

ಓದುಗರೇ, ಉಮರ್(ರ) ಅವರು ಆ ತಾಯಿಯನ್ನು ವಂಚಕಿಯೆಂದು ಶಿಕ್ಷಿಸಬಹುದಿತ್ತು. ಆದರೆ ಅವರು ತಮ್ಮ ನಿಯಮದತ್ತ ನೋಡಿದರು. ಖಜಾನೆಯ ಒಳಿತಿಗಾಗಿ ಮಾಡಿದ ಷರತ್ತು ಕಟ್ಟಕಡೆಗೆ ಒಂದು ಹಸುಳೆಯ ಹೊಟ್ಟೆಯ ಮೇಲೆ ಬಿದ್ದಿತ್ತು. ಷರತ್ತು ಹಾಕುವವನು ಅದು ಜನರನ್ನು ಎಂಥವರನ್ನಾಗಿ ಮಾಡುತ್ತಿದೆಯೆಂದು ರಾತ್ರಿ ಎದ್ದು ನೋಡಬೇಕು. ಗಂಟೆಗಳನ್ನು ಎಣಿಸಿದರೆ ಜನರು ಗಂಟೆಗಳನ್ನು ತಯಾರಿಸಿ ಕೊಡುತ್ತಾರೆ. ಅರ್ಜಿಗಳನ್ನು ಎಣಿಸಿದರೆ ಅರ್ಜಿಗಳನ್ನು. ಕ್ರೇನಿನ ಮಾಲಕನ ಮೇಜಿನ ಮೇಲೆ ಕ್ರೇನ್ ಬಾರದವರ ಅರ್ಜಿಗಳು ರಾಶಿ ಬೀಳುತ್ತವೆ. ಅದರಡಿಯಲ್ಲಿ ನಿಜವಾಗಿ ಕ್ರೇನ್ ಬಲ್ಲವನ ಅರ್ಜಿಯೂ ಹೂತುಹೋಗುತ್ತದೆ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಸೇರಿ 2013ರಿಂದ 2018ರ ತನಕ ನಡೆಸಿದ ದೊಡ್ಡ ಅಧ್ಯಯನವೊಂದು ಇಂತಹ ಹಣ ಕಡಿತದಿಂದ ಜನರು ಕೆಲಸಕ್ಕೆ ಸೇರುವುದು ಹೆಚ್ಚೇನೂ ಆಗಲಿಲ್ಲ, ಬದಲಾಗಿ ಅನೇಕರು ಬಡತನಕ್ಕೆ ಜಾರಿದರು ಎಂಬ ನಿರ್ಣಯಕ್ಕೆ ಬಂತು.

ನಿಗಾ ಬೇಡವೆಂದಲ್ಲ. ಬಡತನ ಬಡಿದವನು ಯಾಚಿಸಬೇಕಾದರೆ ಅವನ ಜನರಲ್ಲಿ ಮೂವರು ವಿವೇಕಿಗಳು ಅವನ ಸ್ಥಿತಿಗೆ ಸಾಕ್ಷಿ ನುಡಿಯಬೇಕೆಂದು ಹದೀಸ್‌ನಲ್ಲಿದೆ. ಆದರೆ ಅವರು ಅವನನ್ನು ಬಲ್ಲವರು, ಹತ್ತು ನಿಮಿಷದ ಭೇಟಿಯಲ್ಲಿ ಪರದೆ ನೋಡಿ ತೀರ್ಮಾನಿಸುವವರಲ್ಲ.

ಹಾಗಾದರೆ ಸುಳ್ಳು ಸಹಿ?

ಇಷ್ಟಾದ ಮೇಲೆ ಗೆಳೆಯನ ಪ್ರಶ್ನೆಗೆ ಮರಳಬೇಕು. ನಿಯಮ ಕೆಟ್ಟದಾದರೆ ಸುಳ್ಳು ಒಳ್ಳೆಯದಾಗುತ್ತದೆಯೇ? ಇಲ್ಲ. ಬದ್ಧತಾ ಪತ್ರವೆಂದರೆ ಕರಾರು. ಕರಾರನ್ನು ಪಾಲಿಸುವುದು ಸತ್ಯವಿಶ್ವಾಸಿಯ ಲಕ್ಷಣ. ಎದುರಿಗಿರುವವನು ಯಾವ ಧರ್ಮದವನು, ಯಾವ ಸರಕಾರವೆಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. 'ಅವರ ದೇಶದ ಹಣ ತಾನೇ' ಎಂಬ ಮಾತನ್ನು ನಮ್ಮವರ ಬಾಯಲ್ಲಿ ಕೇಳಿದ್ದೇನೆ. ಇದಕ್ಕಿಂತ ಹೀನವಾದ ಮಾತು ಬೇರಿಲ್ಲ.

ಹಾಗೆಂದು ಅವನ ಮಕ್ಕಳು ಉಂಡ ಅನ್ನವನ್ನು ಹರಾಮೆಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಅವನು ನಿಜವಾಗಿಯೂ ನಿರುದ್ಯೋಗಿ, ನಿಜವಾಗಿಯೂ ಕೆಲಸ ಹುಡುಕುತ್ತಿದ್ದವನು. ಸಹಾಯಧನ ಯಾರಿಗಾಗಿ ಇದೆಯೋ ಅವರಲ್ಲೊಬ್ಬ. ಅವನ ತಪ್ಪು ಬರೆದ ಸುಳ್ಳಿನಲ್ಲಿದೆ. ಅದಕ್ಕೆ ತೌಬಾ ಬೇಕು, ತಿದ್ದುಪಡಿ ಬೇಕು.

ಆದುದರಿಂದ ಅವನಿಗೆ ಹೀಗೆ ಬರೆದೆ: ಇಂದಿನಿಂದ ನಡೆದುದನ್ನಷ್ಟೇ ಬರೆ. ಬಾರದ ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿನಲ್ಲಿ ಬರುವಂತಾಗಲು ಕಲಿ. ತರಬೇತಿಯನ್ನೂ ಆ ಗಂಟೆಗಳಲ್ಲಿ ಲೆಕ್ಕಕ್ಕೆ ಹಿಡಿಯುವಂತೆ ಅಧಿಕಾರಿಯಲ್ಲಿ ಮೊದಲೇ ಕೇಳಿ ಒಪ್ಪಿಸು, ಅದಕ್ಕೆ ಅವಕಾಶವಿದೆ. ನಿನ್ನ ಸ್ಥಿತಿಗೆ ಹೊಂದುವಂತೆ ಬದ್ಧತಾ ಪತ್ರವನ್ನು ಬದಲಿಸಲು ಬೇಡಿಕೆ ಇಡು. ಅನ್ಯಾಯವಾಗಿ ಹಣ ಕಡಿದರೆ ಮರುಪರಿಶೀಲನೆಗೂ ಬಳಿಕ ನ್ಯಾಯಮಂಡಳಿಗೂ ಹೋಗುವ ದಾರಿ ಇದೆ. ಕದ್ದುಮುಚ್ಚಿ ಸುಳ್ಳು ಬರೆಯುವುದಕ್ಕಿಂತ ಎದ್ದುನಿಂತು ಸತ್ಯ ಹೇಳುವುದು ನಿನ್ನಂತಹ ನೂರು ಮಂದಿಗೆ ಉಪಕಾರ. ಏಕೆಂದರೆ ಸುಳ್ಳು ಲೆಕ್ಕ ಬರುವಷ್ಟು ಕಾಲ ನಿಯಮ ಸರಿಯಾಗಿದೆಯೆಂದೇ ಸರಕಾರ ಭಾವಿಸುತ್ತದೆ.

ಪತ್ರ ಮುಗಿಸಿದಾಗ ನನಗೇ ನಾಚಿಕೆಯಾಯಿತು. ತಿಂಗಳ ಸಂಬಳ ಬರುವ ನಾನು, ಸತ್ಯ ಹೇಳಿ ಹಸಿವನ್ನು ಎದುರಿಸೆಂದು ಅವನಿಗೆ ಉಪದೇಶಿಸುತ್ತಿದ್ದೇನೆ. ಸತ್ಯ ಬರೆದದ್ದಕ್ಕೆ ಅವನ ಹಣ ನಿಂತರೆ? ಕಷ್ಟಕಾಲಕ್ಕೆಂದು ಅಲ್ಲಿ ಕೊಡುವ ಹಣವೂ ಮುಂದೆ ಮುರಿದುಕೊಳ್ಳುವ ಸಾಲವೇ. ಆಗ ಅವನ ಮಕ್ಕಳ ಅನ್ನ ಯಾರ ಹೊಣೆ? ಅದು ಅವನ ಮಸೀದಿಯ ಜಮಾಅತಿನ ಹೊಣೆ, ಅವನನ್ನು ಬಲ್ಲ ನಮ್ಮೆಲ್ಲರ ಹೊಣೆ. ಒಬ್ಬನನ್ನು ಸತ್ಯ ನುಡಿಯೆಂದು ಒತ್ತಾಯಿಸುವ ಸಮುದಾಯವು ಆ ಸತ್ಯದ ಬೆಲೆಯಲ್ಲಿ ಪಾಲು ಕೊಡಬೇಕು. ಇದನ್ನೂ ಪತ್ರದಲ್ಲಿ ಸೇರಿಸಿ, ನನ್ನ ಕೈಲಾದುದನ್ನು ಕಳುಹಿಸಿದೆ.

ನಮ್ಮ ಅಂಗಳದಲ್ಲಿ

ಇದು ದೂರದ ದೇಶದ ಮಾತೆಂದು ಪುಟ ತಿರುವಬೇಡಿ. ನಮ್ಮ ರಾಜ್ಯದಲ್ಲೂ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ 'ಯುವನಿಧಿ' ಯೋಜನೆ ಉದ್ಘಾಟನೆಯಾಯಿತು. ಉತ್ತೀರ್ಣರಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ. ಇಲ್ಲಿ ಗಂಟೆಗಳ ಲೆಕ್ಕವಿಲ್ಲ. ತನಗೆ ಕೆಲಸವಿಲ್ಲವೆಂಬ ಸ್ವಯಂ ಘೋಷಣೆ ಇದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುತ್ತಿರುವ ಯುವಕನು ಆ ಘೋಷಣೆ ಕೊಡುವಾಗ ಯಾವ ಅಧಿಕಾರಿಯೂ ನೋಡದಿರಬಹುದು. ನೋಡುವವನೊಬ್ಬನಿದ್ದಾನೆ.

ಇನ್ನು ನಮ್ಮ ಝಕಾತ್ ಸಮಿತಿಗಳು. ಯುವಕನೊಬ್ಬ ಬಂದರೆ, 'ಗಟ್ಟಿಮುಟ್ಟಾಗಿದ್ದೀಯಲ್ಲ, ಕೆಲಸ ಮಾಡಬಾರದೇ?' ಎಂದು ಕೇಳಿ ಕಳುಹಿಸುತ್ತೇವೆ. ಪ್ರಶ್ನೆ ಸರಿಯೇ ಇರಬಹುದು. ಆದರೆ ಆ ಸಮಿತಿಯಲ್ಲಿ ಅಂಗಡಿಯವರಿದ್ದಾರೆ, ಗುತ್ತಿಗೆದಾರರಿದ್ದಾರೆ, ವಾಹನಗಳ ಮಾಲಕರಿದ್ದಾರೆ. ನಾಳೆ ಬೆಳಗ್ಗೆ ನನ್ನಲ್ಲಿಗೆ ಬಾ ಎಂದು ಅವರಲ್ಲೊಬ್ಬರಾದರೂ ಹೇಳಿದ್ದುಂಟೇ? ಹೊಲಿಗೆ ಯಂತ್ರವನ್ನೋ ತಳ್ಳುಗಾಡಿಯನ್ನೋ ಕೊಡಿಸಿ, ಹದಿನೈದು ದಿನ ಬಿಟ್ಟು ವಿಚಾರಿಸಿದ್ದುಂಟೇ?

ಕೆಲಸ ಹುಡುಕುವವನು ತನ್ನ ಹುಡುಕಾಟದ ಲೆಕ್ಕವನ್ನು ಅಲ್ಲಾಹನ ಮುಂದೆ ಒಪ್ಪಿಸಲೇಬೇಕು. ಅವನಿಂದ ಲೆಕ್ಕ ಕೇಳಿದವರಿಗೂ ಅಲ್ಲಿ ಒಂದು ಪ್ರಶ್ನೆ ಕಾದಿದೆ: ನೀವು ಎಷ್ಟು ಕೊಡಲಿಗಳಿಗೆ ಕಾವು ಹಾಕಿದಿರಿ? ಆ ದಿನ ತಲೆತಗ್ಗಿಸಿ ನಿಲ್ಲದಂತೆ ಅಲ್ಲಾಹನು ನಮ್ಮೆಲ್ಲರನ್ನು ಅನುಗ್ರಹಿಸಲಿ.