ತಾಳೆ ನೋಡಲು ಬಿಟ್ಟ ದಾರಿ

ಒಂದು ಮಾತು ನಿಜವೆಂದು ಹೇಳುವವರು ಕೇಳುವವರಿಗೆ ಮಾತಿನ ಜೊತೆಗೆ ಇನ್ನೇನನ್ನು ಕೊಡಬೇಕು? ಈ ಪ್ರಶ್ನೆ ಕಾಡಿದಾಗಲೆಲ್ಲ ನನಗೆ 21 ಅಂಕಿಗಳ ಒಂದು ಸಂಖ್ಯೆ ನೆನಪಾಗುತ್ತದೆ: 14,75,73,95,25,89,67,64,12,927. ಎರಡರ 67ನೇ ಘಾತದಲ್ಲಿ ಒಂದನ್ನು ಕಳೆದರೆ ಸಿಗುವ ಸಂಖ್ಯೆ ಇದು.

1644ರಲ್ಲಿ ಫ್ರಾನ್ಸಿನ ಸನ್ಯಾಸಿ ಮರ್ಸೆನ್ ಇದನ್ನು ಅವಿಭಾಜ್ಯ ಸಂಖ್ಯೆ ಎಂದು ಬರೆದ. ಅದೇ ಪಟ್ಟಿಯಲ್ಲಿ 127ನೇ ಘಾತದ ಇಂಥದೇ ಸಂಖ್ಯೆಯೂ ಇತ್ತು. ಎರಡಕ್ಕೂ ಅವನು ಸಾಧನೆ ಕೊಡಲಿಲ್ಲ. 1876ರಲ್ಲಿ ಲೂಕಾ ಎಂಬ ಗಣಿತಜ್ಞ ಹೊಸ ವಿಧಾನವೊಂದರಿಂದ ಪರೀಕ್ಷಿಸಿದಾಗ 127ರದು ಸರಿ, 67ರದು ತಪ್ಪು ಎಂದು ತಿಳಿಯಿತು. ಆದರೆ 67ರ ಸಂಖ್ಯೆ ಭಾಗವಾಗುತ್ತದೆ ಎಂದಷ್ಟೇ ಆ ವಿಧಾನ ಹೇಳಿತು. ಯಾವುದರಿಂದ ಎಂದು ಹೇಳಲಿಲ್ಲ.

ಅದನ್ನು ಹೇಳಿದವನು ಅಮೆರಿಕದ ಫ್ರಾಂಕ್ ಕೋಲ್. 1903ರ ಅಕ್ಟೋಬರ್‌ನಲ್ಲಿ, ಗಣಿತಜ್ಞರ ಸಭೆಯೊಂದರಲ್ಲಿ, ಅವನು ಮಾತೇ ಆಡದೆ ಹಲಗೆಯ ಮೇಲೆ 19,37,07,721 ಮತ್ತು 7,61,83,82,57,287ನ್ನು ಗುಣಿಸಿ ತೋರಿಸಿ ಕುಳಿತನೆಂದು ಇ. ಟಿ. ಬೆಲ್ ಬರೆದಿದ್ದಾನೆ. ಆ ಎರಡನ್ನು ಹುಡುಕಲು ಮೂರು ವರ್ಷಗಳ ಭಾನುವಾರಗಳು ಹಿಡಿದವಂತೆ. ತಾಳೆ ನೋಡಲು ನಮಗೆ ಬೇಕಾದದ್ದು ಹಾಳೆ, ಪೆನ್ನು, ಒಂದಿಷ್ಟು ತಾಳ್ಮೆ. ಕೊನೆಯ ಮೂರು ಅಂಕಿಗಳನ್ನಾದರೂ ಈಗಲೇ ನೋಡಿ: 721ನ್ನು 287ರಿಂದ ಗುಣಿಸಿದರೆ 2,06,927. ದೊಡ್ಡ ಸಂಖ್ಯೆಯ ಬಾಲದಲ್ಲಿರುವುದೂ 927. ಕಷ್ಟವನ್ನೆಲ್ಲ ತಾನಿಟ್ಟುಕೊಂಡು ಸುಲಭವನ್ನು ಕೇಳುವವನಿಗೆ ಬಿಟ್ಟ ಈ ರೀತಿಯಲ್ಲಿ ನನಗೆ ಗಣಿತಕ್ಕಿಂತ ಮೊದಲು ಸೌಜನ್ಯ ಕಾಣುತ್ತದೆ.

ಹಾಗೆಂದು ಎಲ್ಲ ಸತ್ಯಕ್ಕೂ ಕೋಲ್‌ನ ಹಲಗೆಯನ್ನೇ ಕೇಳುವುದು ಅನ್ಯಾಯ. 127ರ ಸಂಖ್ಯೆ ಒಡೆಯುವುದೇ ಇಲ್ಲ. ಹಾಗಾಗಿ ಗುಣಿಸಿ ತೋರಿಸಲು ಅಲ್ಲಿ ಜೋಡಿಯೇ ಇಲ್ಲ. ಅಲ್ಲಿ ಲೂಕಾನ ವಿಧಾನವನ್ನು ಕಲಿತು, ಉದ್ದನೆಯ ಲೆಕ್ಕವನ್ನು ಮತ್ತೆ ಮಾಡಿಯೇ ಒಪ್ಪಬೇಕು. ಇಲ್ಲವೇ ಮಾಡಿದವರನ್ನು ನಂಬಬೇಕು. ಸಂಶೋಧನೆ ಮಾಡುವ ನಾನು ದಿನವೂ ಹಾಗೆ ನಂಬುತ್ತೇನೆ. ಪ್ರತಿ ಅಡಿಟಿಪ್ಪಣಿಯ ಮೂಲಕ್ಕೂ ಹೋಗಿಬರಲು ಒಂದು ಆಯುಷ್ಯ ಸಾಲದು. ಆದರೆ ಹೋಗಬೇಕೆಂದರೆ ದಾರಿ ಇರಬೇಕು.

ಮರ್ಸೆನ್‌ನಲ್ಲಿ ನನ್ನನ್ನು ಕಾಡುವುದು 67ರ ತಪ್ಪಲ್ಲ, 127ರ ಸರಿ. 1644ರ ಓದುಗನ ಮುಂದೆ ಎರಡೂ ಮಾತುಗಳು ಒಂದೇ ಗತ್ತಿನಲ್ಲಿ ನಿಂತಿದ್ದವು. ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತೂರಿ ನೋಡಲು ಅವನ ಕೈಗೆ ಮೊರವನ್ನೇ ಕೊಟ್ಟಿರಲಿಲ್ಲ. ದಾರಿ ತೋರಿಸದೆ ಹೇಳಿದ ನಿಜವೂ ಕೇಳುವವನ ಪಾಲಿಗೆ ಬರೀ ಹೇಳಿಕೆಯೇ. ಇಂದು ಕಂಪ್ಯೂಟರ್ ಕೋಲ್‌ನ ಆ ಎರಡು ಸಂಖ್ಯೆಗಳನ್ನು ಕ್ಷಣದಲ್ಲಿ ಹುಡುಕಿಕೊಡುತ್ತದೆ. ಅದರ ಉತ್ತರವನ್ನು ಒಪ್ಪುವ ಮೊದಲು ನಾವು ಮಾಡಬಹುದಾದದ್ದು ಮಾತ್ರ 1903ರ ಆ ಗುಣಾಕಾರವೇ.